ಬಾಗಿಲು ಕಳಚಿಟ್ಟ ನೀಲಿ ಗೂಡು

ಮೇ 6, ಬೆಳಿಗ್ಗೆ

ಇವತ್ತೂ ಗೂಡಿನೊಳಗಿಟ್ಟ ಮೀನು ಹಾಗೇ ಇದೆ. ನಮ್ಮ ಬೆಕ್ಕು ಫುನ್ ಬಂದಳು, ಗೂಡು ಮೂಸಿದಳು, ಬಾಲ ಎತ್ತಿಕೊಂಡು ಹೊರಟೇಹೋದಳು. ಈಗ ಹೊಲಿಗೆ ಮೆಷಿನ್ ಅಡಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಾಳೆ.

ಹುಚ್ಚುನಾಯಿ ಲಸಿಕೆಗೆ ಅಂತ ಬಂದ ಡಾಕ್ಟರಮ್ಮ ಇವಳ ಹೊಟ್ಟೆ ಸವರಿ ಗಂಟು ಪತ್ತೆ ಮಾಡಿದ್ದು. "ಜೂನ್ ಮೂರಕ್ಕೆ ಪೇಟೆ ಆಸ್ಪತ್ರೆಗೆ ತನ್ನಿ, ತೆಗೆದ್ಬಿಡೋಣ. ತಡ ಮಾಡಿದ್ರೆ ಹರಡತ್ತೆ. ಗೂಡಲ್ಲೇ ತರ್ಬೇಕು. ಅದನ್ನ ಈಗಿಂದ್ಲೇ ಮನೇಲಿ ಇಟ್ಟು ಅಭ್ಯಾಸ ಮಾಡಿಸಿ. ಬಲವಂತ ಬೇಡ."

ಗೂಡು ಬೇಡ ಅಂತ ಮೊದಲು ತೋಳಲ್ಲೇ ಎತ್ತಿಕೊಂಡು ಪೇಟೆಗೆ ಜನ ಒಯ್ಯೋ ಪಿಕಪ್ ಗಾಡಿ ಹತ್ತಿ ನೋಡಿದ್ದೆ. ಹಾರಿ ಕಬ್ಬಿನ ಗದ್ದೆಗೆ ಬಿದ್ದಳು. ಎರಡು ದಿನ ಹುಡುಕಿದೆ. ಆಮೇಲೆ ಇದನ್ನು ತಂದೆ — ಪ್ಲಾಸ್ಟಿಕ್, ನೀಲಿ, ಮುಂದೆ ಜಾಲರಿ ಬಾಗಿಲು. ಆ ಜಾಲರಿ ಕಂಡರೆ ಸಾಕು, ಅವಳ ಮೈಮೇಲಿನ ಕೂದಲೆಲ್ಲ ನಿಮಿರುತ್ತೆ. ಯಾಕೆ ಅಂತ ಗೊತ್ತು. ಬರೆಯೋ ಮನಸ್ಸಿಲ್ಲ.

ಮೇ 7

ಬಾಗಿಲು ಕಳಚಿದೆ. ಸ್ಕ್ರೂಗಳು ಮೆಷಿನ್ ಡ್ರಾಯರ್‌ನಲ್ಲಿವೆ, ಮರೆಯಬಾರದು.

ಮೇ 10, ಮಧ್ಯಾಹ್ನ

ಬರೆದೇ ಬಿಡುತ್ತೇನೆ.

ಮಳೆ ಕರೆಯೋ ಮೆರವಣಿಗೆಗೆ ಹೆಣ್ಣು ಬೆಕ್ಕು ಬೇಕು. ಬೂದು ಬಣ್ಣದ್ದಾದರೆ ಇನ್ನೂ ಒಳ್ಳೇದು, ಮೋಡದ ಬಣ್ಣ ಅಂತ. ಬಿದಿರಿನ ಪಂಜರದಲ್ಲಿ ಕೂರಿಸಿ ಊರು ಸುತ್ತಿಸ್ತಾರೆ, ಮನೆಮನೆಯವರೂ ನೀರು ಎರಚ್ತಾರೆ. ಬೆಕ್ಕು ಕೂಗಿದಷ್ಟೂ ಮಳೆಯಂತೆ. ಅಕ್ಕ ವಾನ್‌ಪೆನ್ ಇದ್ದಾಗ ಫುನ್‌ಳನ್ನು ಕೇಳೋ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ಊರ ಮುಖಂಡ ಬುನ್‌ಲಿಯಾಂಗ್ ಬಾಯಿಬಿಟ್ಟಿದ್ದಕ್ಕೆ, "ನಿನ್ ಹೆಂಡ್ತೀನ ಕೂರಿಸ್ಕೊಂಡು ಹೋಗು, ಅವಳ ಗಂಟಲೂ ಜೋರಾಗೇ ಇದೆ" ಅಂದಿದ್ದಳು.

ಅಕ್ಕ ಹೋಗಿ ಏಳು ತಿಂಗಳು. ಏಪ್ರಿಲ್ ಕೊನೆಯಲ್ಲಿ ಬಂದು ನನ್ನನ್ನು ಕೇಳಿದರು. ಹತ್ತು ಹನ್ನೆರಡು ಜನ, ಜಗಲಿ ತುಂಬ. ನಗು, ಗದ್ದಲ, "ನಿಯಾಂಗ್, ನೀರು ಕೊಡು", "ನಿಯಾಂಗ್, ಕೂತ್ಕೋ ಬಾ". ಈ ಮನೆಯಲ್ಲಿ ಅಷ್ಟು ಮಾತು ಕೇಳಿ ಎಷ್ಟು ದಿನವಾಗಿತ್ತು... ಆ ಆಸೆಗೇ ಕೊಟ್ಟುಬಿಟ್ಟೆ. ಪಂಜರದ ಬಾಗಿಲು ಮುಚ್ಚಿದ್ದು ನಾನು. ಬೆಕ್ಕಿನ ಮನೆಯವಳು ಅಂತ ಮೊದಲ ಬೋಗುಣಿ ನೀರೂ ನನ್ನ ಕೈಯಲ್ಲೇ ಹಾಕಿಸಿದರು. ನೀರು ಬೀಳೋಕೆ ಮುಂಚೆ ಫುನ್ ನನ್ನ ಮುಖ ನೋಡಿದಳು.

ಮಳೆ ಬರಲಿಲ್ಲ. ಮಾರನೇ ದಿನದಿಂದ ಜನರೂ ಬರಲಿಲ್ಲ.

ಮೇ 14

ಪಕ್ಕದ ಮನೆ ಚಾಂಪಿ ಬೇಲಿ ಮೇಲಿಂದ ಇಣುಕಿದಳು. ನಾನು ನೆಲದ ಮೇಲೆ ಬೋರಲು ಮಲಗಿ ಗೂಡಿನೊಳಗೆ ಮೀನಿನ ಚೂರು ಸಾಲಾಗಿ ಇಡುತ್ತಿದ್ದೆ.

"ಏನೇ, ಬೆಕ್ಕಿಗೆ ಶಾಲೆ ತೆಗ್ದಿದೀಯಾ?"

"ಹೂಂ. ಒಂದನೇ ಕ್ಲಾಸು."

"ಪಾಸಾಗತ್ತಾ?"

"ಅವಳು ಪಾಸು. ಮೇಷ್ಟ್ರೇ ಫೇಲು."

ನಕ್ಕಳು. ಒಳಗೆ ಬಾ ಅಂದೆ. ಒಲೆ ಮೇಲೆ ಅನ್ನ ಇದೆ ಅಂತ ಹೋದಳು.

ಮೇ 18

ಮುಂಗಾಲು ಎರಡೂ ಒಳಗೆ. ಮೀನು ಕಚ್ಚಿಕೊಂಡು ಓಟ. ಹದಿನಾರು ದಿನ ಉಳಿದಿದೆ. ಗಂಟು ಮುಟ್ಟೋಕೆ ಭಯ.

ಮೇ 19, ಸಂಜೆ

ಹೊಳೆಯಿತು. ಅಕ್ಕನ ಸುತ್ತುಬಟ್ಟೆ — ಕೊನೆಗೆ ಉಟ್ಟದ್ದು, ಒಗೆಯದೆ ಟ್ರಂಕಿನಲ್ಲಿ ಇಟ್ಟಿದ್ದೆ. ಗೂಡಿನೊಳಗೆ ಹಾಸಿದೆ. ಕೊಡೋಕೆ ಕಷ್ಟವಾಯಿತು, ಸುಳ್ಳು ಯಾಕೆ.

ಅರ್ಧ ಗಂಟೆಯಲ್ಲಿ ಫುನ್ ಪೂರ್ತಿ ಒಳಗೆ. ಬಟ್ಟೆ ತುಳಿದು, ಸುತ್ತು ಹಾಕಿ, ಮಲಗೇಬಿಟ್ಟಳು. ನಾನು ಉಸಿರು ಬಿಗಿಹಿಡಿದು ಕೂತೆ.

ಮೇ 21

ಅವಳು ಅಂಗಳಕ್ಕೆ ಹೋದಾಗ ನಾನೂ ಗೂಡಿನೊಳಗೆ ತಲೆ ಹಾಕಿದೆ. ವಾಸನೆ ಇನ್ನೂ ಇದೆ. ಹಾಗೇ ತುಂಬ ಹೊತ್ತು ಇದ್ದೆ. ತಲೆ ಎತ್ತಿದರೆ ಫುನ್ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಾಳೆ, "ಎದ್ದೇಳು, ಅದು ನನ್ನ ಜಾಗ" ಅನ್ನೋ ಹಾಗೆ. ಎದ್ದೆ.

ಮೇ 26

ಬಾಗಿಲು ಮತ್ತೆ ಕೂರಿಸಿ, ಅವಳು ಒಳಗಿದ್ದಾಗ ಮುಚ್ಚಿ ನೋಡುತ್ತಿದ್ದೇನೆ. ಮೊದಲು ಮೂರು ಎಣಿಸುವಷ್ಟು, ಆಮೇಲೆ ಹತ್ತು, ಇವತ್ತು ನೂರು. ಎತ್ತಿಕೊಂಡು ಹುಣಸೆಮರದ ತನಕ ಹೋಗಿ ಬಂದೆ. ಒಂದೇ ಸಲ ಕೂಗಿದಳು. ಜಾಲರಿಯೊಳಗೆ ಬೆರಳು ತೂರಿಸಿದೆ. ನೆಕ್ಕಲಿಲ್ಲ, ಕಚ್ಚಲೂ ಇಲ್ಲ.

ಮೇ 28

ಬುನ್‌ಲಿಯಾಂಗ್ ಬಂದ, ಹಿಂದೆ ಐದಾರು ಜನ. ಜಗಲಿಯಲ್ಲಿ ಕೂತರು. ನೀರು ಕೊಟ್ಟೆ.

"ಬೆಕ್ಕು ಈಗ ತಾನಾಗೇ ಗೂಡಿಗೆ ಹೋಗತ್ತಂತಲ್ಲ ನಿಯಾಂಗ್! ಕೆಲಸ ಸುಲಭ ಆಯ್ತು ಬಿಡು. ನಾಳೆ ಇನ್ನೊಂದ್ಸಲ ಮೆರವಣಿಗೆ ತೆಗೆಯೋಣ."

"ಕೊಡಲ್ಲ."

"ಸಸಿ ಒಣಗ್ತಿದೆ, ನಿಂಗೆ ಬೆಕ್ಕಿನ ಚಿಂತೆನಾ?"

"ಅಕ್ಕ ಇದ್ದಿದ್ರೆ ನಿನ್ನೇ ಕೂರಿಸ್ತಿದ್ಲು."

ಉಳಿದವರು ನಕ್ಕರು. ಅವನು ನಗಲಿಲ್ಲ. "ಅಕ್ಕ ಇಲ್ವಲ್ಲ ಈಗ. ನಾಳೆ ನೀನು ಹಾಸಿಗೆ ಹಿಡಿದ್ರೆ ಬರ್ಬೇಕಾದೋರು ನಾವು. ಬೆಕ್ಕಲ್ಲ."

ನಿಜವೇ. ಆದರೂ ಗೂಡಿನ ಮುಂದೆ ನಿಂತೇ ಇದ್ದೆ. ಲೋಟದ ನೀರು ಹಾಗೇ ಬಿಟ್ಟು ಎದ್ದು ಹೋದರು.

ಮೇ 29

ಬೆಳಿಗ್ಗೆಯೇ, ನಾನು ಹೊಲಿದುಕೊಡೋ ಫ್ಯಾಕ್ಟರಿ ಸಮವಸ್ತ್ರದಲ್ಲಿ ಮಿಕ್ಕ ಬೂದು ಬಟ್ಟೆಯಲ್ಲಿ ಒಂದು ಬೆಕ್ಕು ಹೊಲಿದೆ. ಕಣ್ಣಿಗೆ ಅಂಗಿ ಗುಂಡಿ. ಚಾಂಪಿ ಕೈಯಲ್ಲಿ ಮುಖಂಡನಿಗೆ ಕಳಿಸಿದೆ. "ಇದು ಕೂಗಲ್ಲ ಕಣೇ" ಅಂದಳು. "ನೀವೇ ಕೂಗಿ" ಅಂದೆ.

ಸಂಜೆ ಆ ಬಟ್ಟೆ ಬೆಕ್ಕನ್ನೇ ಪಂಜರದಲ್ಲಿಟ್ಟುಕೊಂಡು ಮೆರವಣಿಗೆ ಈ ಬೀದಿಗೂ ಬಂತು. ಎಲ್ಲ ಮನೆ ಮುಂದೆ ನಿಂತರು. ನನ್ನ ಮನೆ ಮುಂದೆ ನಿಲ್ಲಲಿಲ್ಲ. ನಾನು ಬೋಗುಣಿಯಲ್ಲಿ ನೀರು ಹಿಡಿದುಕೊಂಡೇ ನಿಂತಿದ್ದೆ.

ಜೂನ್ 3, ರಾತ್ರಿ

ಫುನ್ ತಾನೇ ಗೂಡಿಗೆ ಹೋದಳು. ಪಿಕಪ್‌ನಲ್ಲಿ ಸದ್ದಿಲ್ಲ. ಶಸ್ತ್ರಕ್ರಿಯೆ ಆಯಿತು. ನಾಲ್ಕು ದಿನ ಅಲ್ಲೇ ಇರಬೇಕಂತೆ. "ಗೂಡೂ ಬಟ್ಟೆನೂ ಇಲ್ಲೇ ಇರ್ಲಿ, ಅದಕ್ಕೆ ಧೈರ್ಯ" ಅಂದರು ಡಾಕ್ಟರಮ್ಮ.

ಬರಿಗೈಯಲ್ಲಿ ಬಂದೆ. ಬೆಕ್ಕಿಲ್ಲ, ಅಕ್ಕನ ಬಟ್ಟೆಯೂ ಇಲ್ಲ. ಗೂಡಿದ್ದ ಜಾಗ ಗುಡಿಸಲಿಲ್ಲ. ಇಷ್ಟು ಒಂಟಿ ಅನ್ನಿಸಿರಲಿಲ್ಲ, ಅಕ್ಕ ಹೋದ ದಿನವೂ.

ಜೂನ್ 5

ಮಳೆ! ಚಾಂಪಿ ಬೇಲಿಯಿಂದಲೇ ಕೂಗಿದಳು, "ನಿನ್ ಬಟ್ಟೆ ಬೆಕ್ಕಿಗೇ ಬಂತು ನೋಡೇ!" ಬೇರೆ ಯಾರೂ ಏನೂ ಅನ್ನಲಿಲ್ಲ.

ಜೂನ್ 7, ಬೆಳಿಗ್ಗೆ ಆರೂ ಮುಕ್ಕಾಲು

ಆಸ್ಪತ್ರೆಯಿಂದ ಫೋನು. ಗಂಟು ಹರಡಿಲ್ಲ. ತಿನ್ನುತ್ತಿದ್ದಾಳೆ, ಆದರೆ ಯಾರು ಕರೆದರೂ ಗೂಡಿಂದ ಆಚೆ ಬರೋದಿಲ್ಲವಂತೆ. "ಬಾಗಿಲು ತೆಗೆದಾಗೆಲ್ಲ ಮುಖ ನೋಡಿ ಹಿಂದೆ ಸರೀತಾಳೆ. ನಿಮ್ಮನ್ನೇ ಹುಡುಕ್ತಿರ್ಬೇಕು." ನನ್ನನ್ನೋ, ಅಕ್ಕನನ್ನೋ... ಇರಲಿ.

ಧೋ ಅಂತ ಸುರಿಯುತ್ತಿದೆ. ಆಸ್ಪತ್ರೆಯಿಂದ ಪಿಕಪ್ ನಿಲ್ಲೋ ಜಾಗಕ್ಕೆ ಹತ್ತು ನಿಮಿಷ ನಡೀಬೇಕು. ಅವಳ ಮೇಲೆ ಒಂದು ಹನಿಯೂ ಬೀಳಬಾರದು. ಪಿಕಪ್ ಹಾರ್ನ್ ಕೇಳಿಸಿತು. ಕೊಡೆ ಇರೋದು ಒಂದೇ, ಅದು ಗೂಡಿಗೆ. ನಾನು ನೆನೆದರೆ ಏನೀಗ. ಹೊರಟೆ.