ನಾಲ್ಕು ತೂತಿನ ಆಪರೇಷನ್

ಊರಿಗಾಂ
12-8-1996

ತಮ್ಮ ಆದಿನಾರಾಯಣನಿಗೆ,

ದೊಡ್ಡಕರುಳಿನ ಗಡ್ಡೆಯನ್ನು ಹೊಟ್ಟೆ ಸೀಳದೆ, ಸಣ್ಣ ತೂತು ಹಾಕಿ ತೆಗೆಯುವ ನಿನ್ನ ಸಂಶೋಧನೆಯ ಸುದ್ದಿಯನ್ನು ಪೇಪರಿನಲ್ಲಿ ಓದಿದೆ. ಫೋಟೊ ಚೆನ್ನಾಗಿದೆ.

ನಾನು ಹಾಕಿದ ಹೊಲಿಗೆಯನ್ನು ಇಲ್ಲಿನ ಗಣಿ ಕೆಲಸಗಾರರು ಅಂಗಿ ಎತ್ತಿ ತೋರಿಸಿಕೊಳ್ಳುವುದು ನಿನಗೆ ಗೊತ್ತು. ಗೆರೆ ಉದ್ದವಾದಷ್ಟೂ ಡಾಕ್ಟರು ದೊಡ್ಡವರು ಎಂಬುದು ಅವರ ಲೆಕ್ಕ. ಹೋದ ವಾರ, ನಿನ್ನ ಹತ್ತಿರ ಆಪರೇಷನ್ ಮಾಡಿಸಿಕೊಂಡು ಬಂದ ಕೋದಂಡಪ್ಪ ನಮ್ಮ ವಾರ್ಡಿನಲ್ಲೇ ಅಂಗಿ ಎತ್ತಿದ. ನಾಲ್ಕು ಚುಕ್ಕಿ, ಬೆರಳುದ್ದದ ಒಂದು ಗೆರೆ, ಅಷ್ಟೆ. ನನ್ನ ರೋಗಿಗಳು ಹಾಸಿಗೆ ಬಿಟ್ಟು ಎದ್ದು ಹೋಗಿ ನೋಡಿದರು.

ಅಮ್ಮನಿಗೂ ಅಂಥದೇ ಗಡ್ಡೆ. ರಿಪೋರ್ಟ್ ಜೊತೆಗಿಟ್ಟಿದ್ದೇನೆ, ತಡ ಮಾಡುವಂತಿಲ್ಲ. ನಾನೇ ಆಪರೇಷನ್ ಮಾಡುತ್ತೇನೆ ಎಂದೆ.

"ನೀನ್ ಬ್ಯಾಡ ಕಣ್ಲಾ, ರಾಗಿ ಮೂಟೆ ಬಿಚ್ದಂಗೆ ಬಿಚ್ತೀಯ. ಸಣ್ಣೋನು ತೂತ್ ಆಕಿ ತೆಗೀತಾನೆ" ಅಂದಳು. ನರ್ಸ್ ನಕ್ಕಳು.

ಬುಧವಾರ ಅವಳನ್ನು ಬಂಗಾರಪೇಟೆಯಿಂದ ರೈಲಿನಲ್ಲಿ ನಿನ್ನೂರಿಗೆ ಕರೆತರುತ್ತೇನೆ. ಸ್ಟೇಷನ್ನಿಗೆ ಕಾರು ಕಳಿಸು. ಆಪರೇಷನ್ ಹೊತ್ತಿನಲ್ಲಿ ನಾನೂ ಗೌನು ಹಾಕಿಕೊಂಡು ಪಕ್ಕದಲ್ಲಿ ನಿಂತಿರುತ್ತೇನೆ. ತೂತಿನಲ್ಲಿ ಆಗದೆ ಹೊಟ್ಟೆ ತೆರೆಯಬೇಕಾಗಿ ಬಂದರೆ ಚಾಕು ನನ್ನ ಕೈಗೆ ಕೊಡು.

ಹಾಗಾಗದಿರಲಿ ಎಂದು ಅಮ್ಮನ ಜೊತೆ ನಾನೂ ದೇವರಿಗೆ ಕೈ ಮುಗಿದೆ. ಅವಳಷ್ಟು ಮನಸಾರೆ ಮುಗಿಯಲು ಆಗಲಿಲ್ಲ.

ನಿನ್ನ ಅಣ್ಣ,
ಸೀನಪ್ಪ