ಹುಲ್ಲುಗಾವಲಿನ ಅಪರೂಪದ ದನಿ

ಭಾವ,

ನೆಗಡಿಯೊಂದು ಬಿಟ್ಟರೆ ಚೆನ್ನಾಗಿದ್ದೇನೆ. ಅಕ್ಕ ತುರುಕಿ ಕಳಿಸಿದ ಸ್ವೆಟರ್ ಮೈಮೇಲೇ ಇದೆ ಅಂತ ಹೇಳಿಬಿಡಿ.

ನಿನ್ನೆ ಹುಲ್ಲುಗಾವಲು ಉಳಿಸಿ ಅಂತ ಜಾಜ್ ಸಂಗೀತ ಕಚೇರಿ ಆಯಿತು. ಗೋಡೆಯಗಲದ ಪರದೆ ಮೇಲೆ ಹುಲ್ಲು ತೂಗುತ್ತಿತ್ತು, ಕೆಳಗೆ ಐದು ಜನ ನುಡಿಸುತ್ತಿದ್ದರು, ನಡುನಡುವೆ ನಾನು ರೆಕಾರ್ಡ್ ಮಾಡಿದ್ದ ಗಾಳಿ, ಹಕ್ಕಿ, ಜೀರುಂಡೆ. ಇದ್ದಕ್ಕಿದ್ದಂತೆ ಸ್ಪೀಕರಿನಿಂದ ಒಂದು ಗೊರಕೆ ಎದ್ದಿತು. ಅವತ್ತು ರೆಕಾರ್ಡಿಂಗ್ ಜಾಗಕ್ಕೆ ನನಗೆ ಬುತ್ತಿ ತಂದ ನೀವು ಮೈಕಿನ ಪಕ್ಕದಲ್ಲೇ ಮಲಗಿಬಿಟ್ಟಿರಲ್ಲ, ಅದೇ. ಅಳಿಸೋಕೆ ಮರೆತಿದ್ದೆ. ನಾನು ಕುರ್ಚಿಯಲ್ಲೇ ತಗ್ಗಿ ಕೂತೆ. ಸ್ಯಾಕ್ಸೊಫೋನಿನವರು ಮಾತ್ರ ಕಣ್ಣು ಮುಚ್ಚಿ, ನೀವು ಉಸಿರು ಎಳೆದಾಗ ಸುಮ್ಮನಿದ್ದು, ಬಿಟ್ಟಾಗ ಜೊತೆಗೆ ಊದಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಆಮೇಲೆ ಪ್ರಾಣಿಶಾಸ್ತ್ರದ ಮೇಡಮ್ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. "ಯಾವ ಪ್ರಾಣಿ ಅದು? ಎಷ್ಟು ಉಳಿದಿವೆ?"

"ನಂಗೆ ಗೊತ್ತಿರೋದು ಒಂದೇ ಮೇಡಮ್. ಅದನ್ನ ನಮ್ಮಕ್ಕ ಸಾಕ್ತಿದಾಳೆ" ಅಂದೆ. ಪಾಪ, ಬರೆದುಕೊಂಡರು.

ಬರುವ ತಿಂಗಳು ನೋಡೋಕೆ ಬರ್ತಾರಂತೆ. ಅಲ್ಲಿವರೆಗೆ ಗೊರಕೆಗೆ ಅಂತ ಆ ಮೂಗಿನ ಡಾಕ್ಟರ ಹತ್ತಿರ ಹೋಗಬೇಡಿ. ಗಡ್ಡವನ್ನೂ ಬೋಳಿಸಬೇಡಿ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ನಾದಿನಿ