ಟೊಂಗೆ ಸಮೇತ

ಜನವರಿ 9, 2006. ಸೋಮವಾರ, ಬೆಳಿಗ್ಗೆ 6.30

ಎಲೆ ಒರೆಸಿದ್ದಾಯಿತು. ಹನ್ನೊಂದು ಕುಂಡ, ಒಂದು ಗಂಟೆ. ಬಟ್ಟೆ ಹಿಂಡಿದರೆ ಕೆಂಪು ನೀರು. ನಿನ್ನೆಯೂ ಒರೆಸಿದ್ದೆ, ನಾಳೆಯೂ ಒರೆಸಬೇಕು. ಸಂಡೂರು ರಸ್ತೆಯಲ್ಲಿ ಮನೆ ಕಟ್ಟಿಸಿದಾಗ ಇಲ್ಲಿ ಎತ್ತಿನ ಗಾಡಿ ಓಡಾಡುತ್ತಿದ್ದವು. ಈಗ ಅದಿರಿನ ಲಾರಿ... ಎಣಿಸುವುದನ್ನೇ ಬಿಟ್ಟೆ.

ಮಳೆನೀರಿನ ಡ್ರಮ್ಮು ಮತ್ತೆ ಅರ್ಧ ಖಾಲಿ. ಆರ್ಕಿಡ್‌ಗೆ ಬೋರಿನ ನೀರು ಆಗುವುದಿಲ್ಲ, ಬೇರು ಸುಟ್ಟುಹೋಗುತ್ತದೆ ಎಂದು ನೂರು ಸಲ ಹೇಳಿದ್ದೇನೆ. ಹೆಂಡತಿ ಲಕ್ಷ್ಮೀ ಆ ನೀರಿನಲ್ಲಿ ತೊಗರಿಬೇಳೆ ಬೇಯಿಸುತ್ತಿದ್ದಾಳೆ!

"ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ರೀ. ನಿಮ್ಮ ಗಿಡ ಹೂ ಬಿಟ್ಟದ್ದು ಯಾರು ನೋಡ್ಯಾರ? ಸಾರಾದ್ರೂ ಛಲೋ ಆಗಲಿ."

ಮೂರು ವರ್ಷ. ಒಂದೂ ಹೂವಿಲ್ಲ. ಬೆಂಗಳೂರಿನಿಂದ ತಂದವೆಲ್ಲ ಇಲ್ಲಿನ ಮೇ ತಿಂಗಳಿಗೆ ಸೊರಗುತ್ತವೆ. ಅವಳ ಮಾತು ನಿಜ, ಅದೇ ಸಿಟ್ಟು. ಆಫೀಸಿಗೆ ಹೊತ್ತಾಯಿತು.

ಜನವರಿ 12, ಗುರುವಾರ

ಲಾರಿ ನಿಲ್ಲಿಸಿ ಜಗಳ. ಟಾರ್ಪಾಲು ಹೊದಿಸದ ಲಾರಿ, ನಮ್ಮ ಗೇಟಿನ ಮುಂದಿನ ಹಂಪ್ ಮೇಲೆ ಎಗರಿ ಒಂದು ಬುಟ್ಟಿ ಅದಿರು ಚೆಲ್ಲಿತು. ಓಡಿಹೋಗಿ ಅಡ್ಡ ನಿಂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ಡ್ರೈವರ್ ಇಳಿದು ಕೈಮುಗಿದುಬಿಟ್ಟ. ಕೈಮುಗಿದವನನ್ನು ಎಷ್ಟು ಹೊತ್ತು ಬೈಯುವುದು?

ಹೆಸರು ಉಚ್ಚೆಂಗಪ್ಪ. ಸಂಡೂರಿನಾಚೆ ಬಂಡ್ರಿಯವನು. ವರಾಂಡದ ಕುಂಡಗಳನ್ನು ನೋಡಿ ನಕ್ಕ.

"ಇದಕ್ಕ ಇಷ್ಟು ಪಾಡು ಪಡ್ತೀರೇನ್ರಿ ಸರ್? ನಮ್ಮೂರಾಗ ಇಂಥವು ಮರದ ಮ್ಯಾಗ ತಾವಾ ಬೆಳೀತಾವ."

ಬಿಡಿಸಿ ಬಿಡಿಸಿ ಕೇಳಿದೆ. ದಪ್ಪ ಬಿಳಿ ಬೇರು. ಬೇಸಿಗೆಯಲ್ಲಿ ಹಳದಿ ಕಂದು ಹೂ, ನಡುವೆ ನೀಲಿ. ವ್ಯಾಂಡಾ! ನಮ್ಮ ಬಿಸಿಲಿನದೇ ಆರ್ಕಿಡ್. ಇದಾದರೂ ನನ್ನ ಕೈಯಲ್ಲಿ ಹೂ ಬಿಟ್ಟೀತು. ಆ ಗುಡ್ಡವೆಲ್ಲ ಲಾರಿ ಹತ್ತಿ ಹೋಗುವ ಮುಂಚೆ ಒಂದಾದರೂ ನನ್ನ ವರಾಂಡದಲ್ಲಿ ಉಳಿಯಲಿ. ಒಂದು ಗಿಡ ತಂದುಕೊಡಪ್ಪ ಅಂದೆ.

"ಆಯ್ತ್ರಿ ಸರ್."

ಅವನ ಮಗಳು ಸುಷ್ಮಿತಾಳಿಗೆ ಹಾಸ್ಟೆಲ್ ಅರ್ಜಿ ಬರೆದುಕೊಟ್ಟೆ. ಕಾಲಿಗೆ ಬೀಳಲು ಬಂದ.

ಜನವರಿ 20, ಶುಕ್ರವಾರ

ತಂದ. ಸಿಮೆಂಟಿನ ಚೀಲದಲ್ಲಿ, ಮೂಲಂಗಿ ಕಿತ್ತ ಹಾಗೆ ಕಿತ್ತು ತಂದಿದ್ದಾನೆ. ನೆಟ್ಟಗಿರುವ ಬೇರು ಒಂದೂ ಇಲ್ಲ. ತಲೆ ಕೆಟ್ಟುಹೋಯಿತು.

"ಇದು ಮರಕ್ಕ ಅಂಟಿಕೊಂಡು ಬದುಕೋದಪಾ! ಕಿತ್ತರ ಸಾಯ್ತದ. ಕೀಳಬ್ಯಾಡ. ಅಂಟಿದ ಟೊಂಗಿ ಸಮೇತ ತರಬೇಕು. ತಿಳೀತೇನು?"

"ಟೊಂಗಿ ಭಾಳ ಮ್ಯಾಲೈತ್ರಿ ಸರ್."

"ಅದೆಲ್ಲ ನನಗ ಹೇಳಬ್ಯಾಡ. ಟೊಂಗಿ ಸಮೇತ ಬೇಕು!"

"ಆಯ್ತ್ರಿ ಸರ್."

ಫೆಬ್ರವರಿ 3, ಶುಕ್ರವಾರ

ಬಂತು! ತೋಳಿನಷ್ಟು ದಪ್ಪದ ಹಿಪ್ಪೆ ಟೊಂಗೆ, ಅದನ್ನು ತಬ್ಬಿಕೊಂಡ ಗಿಡ. ಒಂದು ಬೇರೂ ಮುರಿದಿಲ್ಲ. ಕಡಿದ ತುದಿಯಲ್ಲಿ ಇನ್ನೂ ಹಾಲು ಜಿನುಗುತ್ತಿದೆ. ಇವನಿಗೆ ಒಂದು ಸಲ ಹೇಳಿದರೆ ಸಾಕು. ನಮ್ಮ ಕಾಲುವೆ ಆಫೀಸಿನಲ್ಲಿ ಇಂಥವನೊಬ್ಬ ಇದ್ದಿದ್ದರೆ...

ತಂತಿ ಬಿಗಿದು ತೂಗುಹಾಕಿದೆ. ಮೇಲೆ ಹಸಿರು ಶೇಡ್ ನೆಟ್, ಎರಡು ಪದರ. ಬಿಸಿಲು ಸೋಸಿಕೊಂಡು ಬರಬೇಕು. ನೆರಳು ತಪ್ಪಿದರೆ ಎಲೆ ಒಂದೇ ದಿನದಲ್ಲಿ ಕಪ್ಪಾಗುತ್ತದೆ.

ಮಾರ್ಚ್ 12, ಭಾನುವಾರ

ಲಕ್ಷ್ಮೀಯ ಅಣ್ಣ ಅಕ್ಷೋಭ್ಯಾಚಾರ್ ಬಂದಿದ್ದರು. ಕೈಕಾಲು ತೊಳೆಯುವ ಮೊದಲೇ ತೀರ್ಪು.

"ಪುರಂದರ, ಇದು ಬಂದಣಿಕಿ. ಮನ್ಯಾಗ ಇಡಬಾರದು."

ಬಂದಣಿಕೆ ಮರದ ರಸ ಹೀರುತ್ತದೆ. ಆರ್ಕಿಡ್ ಸುಮ್ಮನೆ ಕೂತಿರುತ್ತದೆ, ಅಷ್ಟೇ. ಅರ್ಧ ಗಂಟೆ ವಿವರಿಸಿದೆ.

"ಹಂಗಾರ ಇದರಿಂದ ಮರಕ್ಕ ಏನೂ ತ್ರಾಸಿಲ್ಲ ಅಂತೀಯೇನು?"

"ಏನೇನೂ ಇಲ್ಲ."

ಒಪ್ಪಲಿಲ್ಲ. ಒಪ್ಪಿದರೆ ಆಚಾರ್ಯರು ಹೇಗಾದಾರು? ಹೋಳಿಗೆ ಬ್ಯಾಡ ಬ್ಯಾಡ ಅನ್ನುತ್ತಲೇ ನಾಲ್ಕು ಹಾಕಿಸಿಕೊಂಡು ಹೋದರು.

ಏಪ್ರಿಲ್ 7, ಶುಕ್ರವಾರ

ಎಲೆಯ ಸಂದಿನಲ್ಲಿ ಹಸಿರು ಮೊಳಕೆ. ಬೇರೋ? ಹೂಗೊಂಚಲೋ? ಭೂತಗನ್ನಡಿ ಹಿಡಿದು ನೋಡಿದೆ. ಹೂವೇ! ಆಫೀಸಿಗೆ ಹೋಗಲು ಮನಸ್ಸಾಗಲಿಲ್ಲ, ಆದರೂ ಹೋದೆ.

ಸಂಜೆ ಬಂದರೆ ಕುಕ್ಕರ್ ಎಂಟನೇ ಸೀಟಿ ಹೊಡೆಯುತ್ತಿತ್ತು. ಲಕ್ಷ್ಮೀ ಬೋರಿನ ನೀರಿಗೇ ಬೇಳೆ ಹಾಕಿದ್ದಾಳೆ. ಡ್ರಮ್ಮಿನ ಮಳೆನೀರು ಮುಟ್ಟಿಲ್ಲ.

ಏಪ್ರಿಲ್ 23, ಭಾನುವಾರ

ಅರಳಿತು. ಐದು ಹೂ. ಹಳದಿ ಎಸಳಿನ ತುಂಬ ಕಂದು ಚೌಕುಳಿ ಗೆರೆ, ನಡುವೆ ನೀಲಿ. ಪರಿಮಳ ನಡುಮನೆಯವರೆಗೆ ಬರುತ್ತಿದೆ. ಕಣ್ಣಲ್ಲಿ ನೀರು ಬಂತು. ಐವತ್ತನಾಲ್ಕರ ಗಂಡಸು ಹೂ ನೋಡಿ ಅಳುವುದೇ... ಇಲ್ಲಿ ಬರೆಯಲು ನಾಚಿಕೆಯಿಲ್ಲ. ಲಕ್ಷ್ಮೀ ಎರಡು ಸಲ ಬಂದು ನೋಡಿದಳು. ಮೂರನೇ ಸಲ ಕಾಫಿ ಲೋಟ ಹಿಡಿದು ಅಲ್ಲೇ ಕೂತಳು.

ಉಚ್ಚೆಂಗಪ್ಪನ ಲಾರಿ ನಿಲ್ಲಿಸಿ ತೋರಿಸಿದೆ. ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ ಅಂದೆ.

"ಆಯ್ತ್ರಿ ಸರ್."

ಏಪ್ರಿಲ್ 29, ಶನಿವಾರ, ಸಂಜೆ

ಯಾಕಾದರೂ ಕರೆದೆನೋ.

ಅವನ ಹೆಂಡತಿ ಸುಂಕಮ್ಮ ಬಂದಿದ್ದಳು, ಕಂಕುಳಲ್ಲಿ ಕೂಸು. ಬಂಡ್ರಿಯ ಹತ್ತಿರ ಅದಿರು ಒಡೆಯುವ ಕೆಲಸ ಅವಳದು. ಇಲ್ಲಿನ ಆಸ್ಪತ್ರೆಗೆ ತೋರಿಸಿಕೊಂಡು ಬಂದರಂತೆ. ಕೂಸಿನ ಮೈ ತುಂಬ ಗುಳ್ಳೆ, ಜ್ವರ ಬೇರೆ. ಲಕ್ಷ್ಮೀ ಏನಾಯಿತೆಂದು ಕೇಳಿದಳು.

"ಬಿಸಿಲಿನ ಹೊಡ್ತ ರೀ ಅವ್ವಾರ. ಈ ವರ್ಷ ನೆರಳಿಲ್ಲ."

ಆಮೇಲೆ ಹೂ ನೋಡಿದಳು. ಟೊಂಗೆ ನೋಡಿದಳು. ತೊಗಟೆಯ ಮೇಲೆ ಕೈಯಾಡಿಸಿದಳು.

"ಇದು ನಮ್ಮ ಇಪ್ಪಿ ಮರದ್ದು. ಅದಿರು ಒಡಿಯೋ ಹೆಂಗಸ್ರೆಲ್ಲ ಇದರ ಕೆಳಗ ಜೋಲಿ ಕಟ್ತಿದ್ವಿ. ಆರು ಕೂಸು ಮಲಗ್ತಿದ್ವು."

ಮರಕ್ಕೆ ಏನಾಯಿತು ಎಂದೆ. ಉಚ್ಚೆಂಗಪ್ಪ ಹೆಮ್ಮೆಯಿಂದಲೇ ಹೇಳಿದ.

"ಟೊಂಗಿ ಭಾಳ ಮ್ಯಾಲಿತ್ತಲ್ರಿ ಸರ್. ಜೆಸಿಬಿಯವನಿಗೆ ಹೇಳಿ ಮರಾನ ಕೆಡವಿಸಿದ್ನಿ. ಆಮ್ಯಾಲ ಕುಂತು ನಿಧಾನಕ್ಕ ಕಡದೆ. ಒಂದು ಬೇರೂ ಮುರೀಲಿಲ್ಲ ನೋಡ್ರಿ."

ಸುಂಕಮ್ಮ ಅವನ ಮುಖ ನೋಡಲಿಲ್ಲ. ನನ್ನದನ್ನೂ ನೋಡಲಿಲ್ಲ.

"ಹೂವೇನೋ ಛಂದ ಐತ್ರಿ," ಅಂದಳು. "ನೆರಳಾಗ ಇಟ್ಟೀರಲ್ಲ, ಅದಕ್ಕ."

ಅವನಿಗೆ ಬೈಯೋಣವೆಂದರೆ ಏನೆಂದು ಬೈಯಲಿ? ಹೇಳಿದ್ದನ್ನೇ ಮಾಡಿದ್ದಾನೆ. ಜನವರಿ 20ರ ಪುಟ ತೆಗೆದು ನೋಡಿದೆ. ಅದೆಲ್ಲ ನನಗೆ ಹೇಳಬೇಡ ಅಂದಿದ್ದೇನೆ. ನನ್ನದೇ ಅಕ್ಷರ.

ಮೇ 1, ಸೋಮವಾರ, ಮಧ್ಯಾಹ್ನ 12

ಆಫೀಸಿಗೆ ರಜೆ. ಬೆಳಿಗ್ಗೆಯೇ ಶೇಡ್ ನೆಟ್ ಬಿಚ್ಚಿದೆ. ಬಂಡ್ರಿಯಲ್ಲಿ ನಾಲ್ಕು ಬಿದಿರು ನೆಟ್ಟು ಎಳೆದು ಕಟ್ಟಿದರೆ ಆರು ಜೋಲಿಗೆ ಸಾಕಾಗುತ್ತದೆ. ಲಕ್ಷ್ಮೀ ಕುಂಡಗಳನ್ನೆಲ್ಲ ಬಚ್ಚಲಿನ ನೆರಳಿಗೆ ಸಾಗಿಸಿದಳು. ಹೂವಿನ ಟೊಂಗೆ ಮಾತ್ರ ಆ ಬಾಗಿಲಲ್ಲಿ ಹಿಡಿಸಲಿಲ್ಲ. ವರಾಂಡದಲ್ಲೇ ತೂಗುತ್ತಿದೆ. ಹತ್ತಕ್ಕೇ ಬಿಸಿಲು ಬಿತ್ತು.

ಉಚ್ಚೆಂಗಪ್ಪ ಬಂದು ನೆಟ್ ಸುತ್ತಿ ಲಾರಿಗೆ ಹಾಕಿಕೊಂಡ. ಬಾಡುತ್ತಿದ್ದ ಹೂ ನೋಡಿ ಮರುಗಿ ನನಗೇ ಸಮಾಧಾನ ಹೇಳತೊಡಗಿದ!

"ಇದು ಹೋದ್ರ ಹೋಗ್ಲಿ ಬಿಡ್ರಿ ಸರ್. ಹಳ್ಳದ ಕಡೆ ಇನ್ನೊಂದು ಮರ ಐತಿ. ಇದಕ್ಕಿಂತ ದೊಡ್ಡದು, ಮೈ ತುಂಬ ಹೂ. ಹೆಂಗೂ ಜೆಸಿಬಿ ಇವತ್ತು ಅಲ್ಲೇ—"

ಕಿರುಚಿದೆ. ಟೊಂಗಿ ಬ್ಯಾಡ, ಹೂ ಬ್ಯಾಡ, ಏನೂ ಬ್ಯಾಡ, ಆ ಮರ ಮುಟ್ಟಬ್ಯಾಡ!

"ಆಯ್ತ್ರಿ ಸರ್," ಅಂದು ನಕ್ಕ. ಲಾರಿ ಹೊರಟಿತು.

ಆ ನಗು ಸರಿಬೀಳಲಿಲ್ಲ. ಇಷ್ಟು ದಿನ ಬೇಕು ಬೇಕು ಎಂದು ಪ್ರಾಣ ತಿಂದವನು ಇವತ್ತು ಬೇಡ ಅಂದರೆ ಯಾರು ನಂಬುತ್ತಾರೆ? ಬೇಡ ಅಂದವರ ಎಲೆಗೇ ಎರಡು ಹೋಳಿಗೆ ಹೆಚ್ಚು ಹಾಕುವ ಜನ ನಾವು. ಸಂಕೋಚಕ್ಕೆ ಅಂದೆ ಅಂದುಕೊಂಡಿದ್ದಾನೆ. ಮಗಳ ಹಾಸ್ಟೆಲ್ ಅರ್ಜಿಯ ಋಣ ಬೇರೆ ಅವನ ತಲೆಯ ಮೇಲಿದೆ.

ಲಕ್ಷ್ಮೀ ಚಪ್ಪಲಿ ತಂದು ಮುಂದಿಟ್ಟಿದ್ದಾಳೆ. "ಬರೀತಾ ಕೂತೀರಲ್ರೀ! ಹನ್ನೆರಡೂವರಿಗೆ ಸಂಡೂರಿನ ಬಸ್ಸದ. ಅಲ್ಲಿಂದ ಬಂಡ್ರಿಗೆ ಏನರ ಸಿಗ್ತದ, ಏಳ್ರಿ."

ಲಾರಿ ಹೋಗಿ ಆಗಲೇ ಮುಕ್ಕಾಲು ಗಂಟೆ. ಹಳ್ಳ ಊರಿನ ಯಾವ ಕಡೆಗೆ ಅಂತಲೂ ಕೇಳಲಿಲ್ಲ. ಜೆಸಿಬಿಯವರು ಊಟಕ್ಕೆ ಒಂದು ಗಂಟೆಗಾದರೂ ಬಿಟ್ಟರೆ, ನಾವು ಮುಟ್ಟುವವರೆಗೆ ಆ ಮರ ನಿಂತಿದ್ದೀತು. ಬಸ್ಸಿಗೆ ಹೊತ್ತಾಯಿತು, ಎದ್ದೆ.